ಹಗಲಿನ ಕರೆಂಟು, ಭೀಮೆಯ ಎರಡು ದಂಡೆ

ಧೂಳಖೇಡದ ಸೇತುವೆ ದಾಟಿ ಸೊಲ್ಲಾಪುರದ ಹಾದಿ ಹಿಡಿದರೆ ಭೀಮೆಯ ಆಚೆ ದಂಡೆಯಲ್ಲೂ ಕನ್ನಡ ಕೇಳಿಸುತ್ತದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎಷ್ಟೋ ಊರುಗಳ ಮನೆಮಾತು ಅದೇ. ಹೊಲದಲ್ಲಿ ಅದೇ ಜೋಳ, ಅದೇ ದ್ರಾಕ್ಷಿ, ತಲೆಯ ಮೇಲೆ ಅದೇ ಬಿಸಿಲು. ಬೇರೆಯಾಗುವುದು ಕರೆಂಟ್ ಬಿಲ್ಲಿನ ಲೆಕ್ಕ. 2025ರ ಜುಲೈ 1ರಿಂದ ಮಹಾರಾಷ್ಟ್ರ ಜಾರಿಗೆ ತಂದ ದರಪಟ್ಟಿಯಲ್ಲಿ, ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಬಳಸಿದ ಪ್ರತಿ ಯೂನಿಟ್ ಮೇಲೆ 80 ಪೈಸೆ ಸೋಡಿ ಕೊಟ್ಟರು; ವರ್ಷ ವರ್ಷ ಐದೈದು ಪೈಸೆ ಏರಿ ಅದು ಒಂದು ರೂಪಾಯಿ ಮುಟ್ಟಬೇಕೆಂದು ಬರೆದರು. ಈಚೆ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಮನೆಯ ಮೀಟರಿಗೆ ಹೊತ್ತು ಗೊತ್ತಿಲ್ಲ. ಮಟಮಟ ಮಧ್ಯಾಹ್ನ ಹಿಟ್ಟಿನ ಗಿರಣಿ ತಿರುಗಿಸಿದ ಯೂನಿಟ್ಟಿಗೂ ಸಂಜೆ ಏಳಕ್ಕೆ ಟಿವಿ ಹಚ್ಚಿದ ಯೂನಿಟ್ಟಿಗೂ ಒಂದೇ ರೇಟು.

ಈ ವ್ಯತ್ಯಾಸದ ಬಗ್ಗೆ ಈಗ ಯೋಚಿಸಲು ಕಾರಣವಿದೆ. ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಎಲೆಕ್ಟ್ರಿಕ್ ಸ್ಕೂಟರ್ ಈಗ ಹೊಸದಲ್ಲ, ಕಾರುಗಳೂ ಒಂದೊಂದಾಗಿ ಬರುತ್ತಿವೆ. ಇನ್ವರ್ಟರ್ ಅಂಗಡಿಗಳಲ್ಲಿ ಆ್ಯಸಿಡ್ ಬ್ಯಾಟರಿಯ ಪಕ್ಕದಲ್ಲೇ ಗೋಡೆಗೆ ತೂಗುಹಾಕುವ ಲಿಥಿಯಂ ಪೆಟ್ಟಿಗೆಗಳು ಕೂತಿವೆ. ಕೊಳ್ಳುವವರು ಮೊಬೈಲಿನಲ್ಲಿ ವಿಡಿಯೊ ನೋಡುತ್ತಾರೆ. ಆ ವಿಡಿಯೊಗಳಲ್ಲಿ ಬಹಳಷ್ಟು ಹೊರದೇಶದವು. ಅವು ಹೇಳುವುದು ಒಂದೇ ಮಾತು: ರಾತ್ರಿ ಕರೆಂಟು ಅಗ್ಗ, ಕಾರನ್ನೂ ಮನೆಯ ಬ್ಯಾಟರಿಯನ್ನೂ ರಾತ್ರಿ ತುಂಬಿಸಿ, ಹಗಲು ಬಳಸಿ, ಬಿಲ್ಲು ಅರ್ಧವಾಗುತ್ತದೆ. ಮಾತು ನಿಜ. ಆದರೆ ಅದು ಆ ದೇಶದ ನಿಜ. ಅದನ್ನೇ ತಂದು ಭೀಮಾ ತೀರದಲ್ಲಿ ನೆಟ್ಟರೆ ಕೈಯಿಂದ ದುಡ್ಡು ಹೋಗುತ್ತದೆ.

ಇಂಗ್ಲೆಂಡಿನ ಲೆಕ್ಕವನ್ನು ಮೊದಲು ನೋಡೋಣ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಪ್ರತಿಮೆ 2015ರಿಂದ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ನಿಂತಿದೆ. ಆ ನಗರದ ಸುತ್ತ ನೂರಾರು ಕನ್ನಡ ಕುಟುಂಬಗಳಿವೆ. ಅವರಲ್ಲಿ ಎಲೆಕ್ಟ್ರಿಕ್ ಕಾರು ಇರುವ ಮನೆ ಇವಿ ದರಪಟ್ಟಿ ಆರಿಸಿಕೊಂಡರೆ, ಹಗಲು ಯೂನಿಟ್ಟಿಗೆ 25 ಪೆನ್ಸ್ ಆಸುಪಾಸು ಇರುವ ಬೆಲೆ ನಡುರಾತ್ರಿಯ ಕೆಲವು ತಾಸು 7–8 ಪೆನ್ಸಿಗೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯಷ್ಟು ಅಂತರ. ಅಲ್ಲಿ ಗಾಳಿಯಂತ್ರಗಳು ರಾತ್ರಿಯಿಡೀ ತಿರುಗುತ್ತವೆ, ಊರು ಮಲಗಿರುತ್ತದೆ, ಕರೆಂಟು ಉಳಿಯುತ್ತದೆ. ಉಳಿದದ್ದನ್ನು ಯಾರಾದರೂ ಕೊಳ್ಳಲಿ ಎಂದು ಅಗ್ಗ ಮಾಡುತ್ತಾರೆ. ಹತ್ತು–ಹದಿಮೂರು ಯೂನಿಟ್ ಹಿಡಿಸುವ ಗೋಡೆ ಬ್ಯಾಟರಿ ರಾತ್ರಿ ತುಂಬಿಕೊಂಡು ಹಗಲು ಖಾಲಿಯಾದರೆ ದಿನಕ್ಕೆ ಇನ್ನೂರು ರೂಪಾಯಿಗೂ ಮೇಲೆ ಉಳಿಸಿಕೊಡುತ್ತದೆ. ಹೀಗಿದ್ದಾಗ ಬ್ಯಾಟರಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ.

ಎಲೆಕ್ಟ್ರಿಕ್ ಕಾರಿನ ವಿಚಾರದಲ್ಲಿ ಲಂಡನ್ನಿಗೆ ನಮ್ಮ ಋಣವೂ ಇದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಇಲ್ಲಿ ರಸ್ತೆಗಿಳಿದ ರೇವಾ, ಕೆಲವೇ ವರ್ಷಗಳಲ್ಲಿ ಜಿ–ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಾಡುತ್ತಿತ್ತು. ಎಲೆಕ್ಟ್ರಿಕ್ ವಾಹನಕ್ಕೆಂದು ದೇಶದಲ್ಲೇ ಮೊದಲು ನೀತಿ ಬರೆದದ್ದೂ ಕರ್ನಾಟಕ, 2017ರಲ್ಲಿ. ಆ ನೀತಿಯ ಹೆಸರಿನಲ್ಲೇ ವಾಹನದ ಜೊತೆ ಇಂಧನ ಸಂಗ್ರಹವೂ ಇತ್ತು. ವಿಚಾರ ನಮಗೆ ಹೊಸದಲ್ಲ. ಅದು ಚಡಚಣದ ಮನೆಯ ಮೀಟರಿಗೆ ತಲುಪುವುದು ಮಾತ್ರ ತಡವಾಗಿದೆ.

ನಮ್ಮಲ್ಲಿ ಕರೆಂಟು ಉಳಿಯುವುದು ಯಾವಾಗ? ಹಳೆಯ ಬಸವನಬಾಗೇವಾಡಿ ತಾಲೂಕಿನ ಕೂಡಗಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಎನ್‌ಟಿಪಿಸಿಯ ಆ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ, ಒಟ್ಟು 2400. ನೀರು ಆಲಮಟ್ಟಿಯ ಹಿನ್ನೀರಿನದು. 2014ರ ಜುಲೈನಲ್ಲಿ ಅಲ್ಲಿ ರೈತರ ಹೋರಾಟದ ಮೇಲೆ ಗೋಲಿಬಾರ್ ಆಯಿತು. ಆಮೇಲೆ ಘಟಕಗಳು ಒಂದೊಂದಾಗಿ ಶುರುವಾಗಿ ಮೂರನೆಯದು 2018ರಲ್ಲಿ ಉತ್ಪಾದನೆಗೆ ಬಂತು. ಕಲ್ಲಿದ್ದಲ ಬಾಯ್ಲರನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಲು ಬರುವುದಿಲ್ಲ. ಎಷ್ಟೇ ತಗ್ಗಿಸಿದರೂ ಅರ್ಧಕ್ಕಿಂತ ತುಸು ಮೇಲೆಯೇ ಉರಿಯುತ್ತಿರಬೇಕು. ನಿಯಮ ಬಹುಕಾಲ ಇಟ್ಟುಕೊಂಡಿದ್ದ ಗೆರೆ ಶೇ 55. ಇನ್ನೊಂದು ಕಡೆ ಪಾವಗಡದ 2050 ಮೆಗಾವಾಟಿನ ಸೋಲಾರ್ ಪಾರ್ಕ್‌ನಿಂದ ಹಿಡಿದು ಹೊಲಗಳ ಸೋಲಾರ್‌ವರೆಗೆ ಎಲ್ಲವೂ ಬೆಳಿಗ್ಗೆ ಹತ್ತಕ್ಕೆ ಮೈದುಂಬಿ ಸಂಜೆ ಐದಕ್ಕೆ ಇಳಿದುಹೋಗುತ್ತವೆ. ದೀಪ ಹಚ್ಚುವ ಹೊತ್ತಿಗೆ, ಎಲ್ಲರಿಗೂ ಕರೆಂಟು ಬೇಕಾದ ಗಳಿಗೆಗೆ, ಸೂರ್ಯ ಇರುವುದಿಲ್ಲ. ಆಗ ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುತ್ತು ನಿಮಿಷಗಳಲ್ಲಿ ಏರಬಲ್ಲದು, ಆದರೆ ಹೊಳೆಯಲ್ಲಿ ನೀರು ಬಿಡುವ ತಿಂಗಳುಗಳಲ್ಲಿ ಮಾತ್ರ.

ಅಂದರೆ ನಮ್ಮ ಅಗ್ಗದ ಹೊತ್ತು ಹಗಲು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿದಾಗ ಒಪ್ಪಿಕೊಂಡದ್ದೂ ಇದನ್ನೇ. ಬಿಸಿಲಿನ ಎಂಟು ತಾಸು ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು. ಬೇಡಿಕೆ ಏರಿದ ಹೊತ್ತಿಗೆ ಮನೆಗಳಿಗೆ ಕನಿಷ್ಠ ಶೇ 10 ಹೆಚ್ಚು. ದೊಡ್ಡ ವಾಣಿಜ್ಯ, ಕೈಗಾರಿಕೆ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಎಂದು ಗಡುವು ಇಟ್ಟರು, ಸ್ಮಾರ್ಟ್ ಮೀಟರ್ ಕೂತ ಮೇಲೆ ಎಂಬ ಷರತ್ತಿನೊಡನೆ. ಇವಿ ಚಾರ್ಜಿಂಗ್ ಕೇಂದ್ರಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಮಾರ್ಗಸೂಚಿ ಇನ್ನೂ ಖಚಿತ: ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ ಶೇ 70, ಉಳಿದ ಹೊತ್ತು ಶೇ 130.

ಈಗ ಬ್ಯಾಟರಿಯ ಲೆಕ್ಕ. ಲಿಥಿಯಂ ಬ್ಯಾಟರಿಗೆ ಒಂದು ಯೂನಿಟ್ ಸಾಮರ್ಥ್ಯಕ್ಕೆ 20 ಸಾವಿರ ರೂಪಾಯಿ ಎಂದು ಹಿಡಿಯೋಣ. ಐದು ಯೂನಿಟ್ಟಿನದು ಒಂದು ಲಕ್ಷ. ಹತ್ತು ವರ್ಷ, ದಿನಕ್ಕೊಮ್ಮೆ ತುಂಬಿ ಖಾಲಿಯಾದರೆ 3650 ಸುತ್ತು. ಪ್ರತಿ ಸುತ್ತಿಗೆ ನಾಲ್ಕೂವರೆ ಯೂನಿಟ್ ಕೈಗೆ ಸಿಕ್ಕಿತು ಎನ್ನೋಣ. ಒಂದು ಲಕ್ಷವನ್ನು ಅಷ್ಟು ಯೂನಿಟ್ಟಿಗೆ ಹಂಚಿದರೆ ಒಂದು ಯೂನಿಟ್ಟನ್ನು ಕೂಡಿಟ್ಟು ತೆಗೆಯುವುದಕ್ಕೇ ಆರು ರೂಪಾಯಿ ಬೀಳುತ್ತದೆ. ಇದರಲ್ಲಿ ಒಳಗೆ ತುಂಬಿದ ಕರೆಂಟಿನ ಬೆಲೆ ಇಲ್ಲ, ಬಡ್ಡಿ ಇಲ್ಲ, ಇನ್ವರ್ಟರಿನ ದರ ಇಲ್ಲ. ಕರ್ನಾಟಕದಲ್ಲಿ 2025–26ಕ್ಕೆ ಮನೆಬಳಕೆಯ ದರ ಯೂನಿಟ್ಟಿಗೆ 5.80 ರೂಪಾಯಿ, ಅದರ ಮೇಲೆ ಸಿಬ್ಬಂದಿಯ ಪಿಂಚಣಿ ಬಾಬತ್ತಿನ 36 ಪೈಸೆ. ಕೇಂದ್ರದ ನಿಯಮ ನಾಳೆಯೇ ಅಕ್ಷರಶಃ ಜಾರಿಯಾಯಿತು ಎಂದುಕೊಂಡರೂ ಹಗಲು 4.64, ಸಂಜೆ 6.38, ಅಂತರ 1.74 ರೂಪಾಯಿ. ಒಂದು ಮುಕ್ಕಾಲು ರೂಪಾಯಿ ಉಳಿಸಲು ಆರು ರೂಪಾಯಿ ಕಳೆಯುವ ವ್ಯವಹಾರ ಯಾವ ಮನೆಗೂ ಬೇಡ. ಬಿಲ್ಲು ಇಳಿಸಲಿಕ್ಕೆಂದು ಚಡಚಣದಲ್ಲಿ ಈಗ ಯಾರಾದರೂ ಗೋಡೆ ಬ್ಯಾಟರಿ ಕೊಳ್ಳಲು ಹೊರಟರೆ, ತಡೆಯಿರಿ ಎಂದೇ ನಾನು ಹೇಳುತ್ತೇನೆ.

ಈ ಲೆಕ್ಕ ಕೆಲವು ವರ್ಷಗಳಲ್ಲಿ ತಿರುವುಮುರುವಾಗಬಹುದು. ವಿದ್ಯುತ್ ಜಾಲಕ್ಕೆ ದೊಡ್ಡ ಬ್ಯಾಟರಿ ಒದಗಿಸುವ ಟೆಂಡರುಗಳಲ್ಲಿ 2022ರಲ್ಲಿ ಮೆಗಾವಾಟಿಗೆ ತಿಂಗಳಿಗೆ ಹತ್ತು ಲಕ್ಷ ದಾಟಿದ್ದ ಬಾಡಿಗೆ 2025ರ ಹೊತ್ತಿಗೆ ಎರಡೂವರೆ ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಮನೆಯ ಪೆಟ್ಟಿಗೆಯೂ ಅದೇ ದಾರಿ ಹಿಡಿದು ಮೂರನೆಯ ಒಂದು ಪಾಲಿಗೆ ಇಳಿದ ದಿನ ಮತ್ತೆ ಕೂತು ಲೆಕ್ಕ ಹಾಕಬಹುದು.

ಉಳಿತಾಯ ಬೇರೆ, ಕತ್ತಲೆ ಬೇರೆ. ಈ ಸೀಮೆಯಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿರುವ ಸಾವಿರಾರು ಕುಟುಂಬಗಳಿವೆ. ತೋಟದ ವಸ್ತಿ ಎನ್ನುತ್ತಾರೆ. ನಿರಂತರ ಜ್ಯೋತಿ ಯೋಜನೆ ಬಂದು ಊರಿನ ಲೈನೂ ಪಂಪ್‌ಸೆಟ್ಟಿನ ಲೈನೂ ಬೇರೆಯಾದಾಗ ಊರಿಗೆ ದಿನವಿಡೀ ಕರೆಂಟು ಬಂತು, ವಸ್ತಿಯ ಮನೆಗಳು ಪಂಪ್‌ಸೆಟ್ಟಿನ ಲೈನಿನಲ್ಲೇ ಉಳಿದವು. ತ್ರೀಫೇಸ್ ಏಳು ತಾಸು, ಮಿಕ್ಕ ಹೊತ್ತು ಸಿಂಗಲ್‌ಫೇಸ್ ಬಂದರೆ ಬಂತು. ಅಂಥ ಮನೆಯಲ್ಲಿ ಓದುವ ಮಕ್ಕಳಿಗೆ ಬೆಳಕು, ಅಂಗಳದಲ್ಲಿ ಹಾವು ಕಾಣಿಸುವಷ್ಟು ಬೆಳಕು ಬೇಕು. ಅಲ್ಲಿ ಬ್ಯಾಟರಿಯ ಬೆಲೆಯನ್ನು ಯೂನಿಟ್ಟಿನ ದರಕ್ಕೆ ತೂಗಿ ನೋಡುವುದು ತಪ್ಪು. ಆದರೆ ಯಾವ ಬ್ಯಾಟರಿ ಎಂಬುದನ್ನು ತೂಗಲೇಬೇಕು. 150 ಆಂಪಿಯರ್–ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯ ಕಾಗದದ ಲೆಕ್ಕ 1.8 ಯೂನಿಟ್ ಆದರೂ, ಬಾಳಿಕೆ ಕಾಯ್ದುಕೊಂಡು ತೆಗೆಯಬಹುದಾದದ್ದು ಒಂದು ಯೂನಿಟ್ಟಿನಷ್ಟು. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿ ಹೆಚ್ಚು ಆಳಕ್ಕೆ ಖಾಲಿಯಾದರೂ ತಾಳುತ್ತದೆ, ಹೆಚ್ಚು ವರ್ಷ ಬರುತ್ತದೆ, ನೀರು ಹಾಕುವ ಗೋಜಿಲ್ಲ. ಎರಡಕ್ಕೂ ಶತ್ರು ಒಂದೇ, ಏಪ್ರಿಲ್–ಮೇ ತಿಂಗಳ ನಲವತ್ತು ದಾಟಿದ ಕಾವು. ಪತ್ರಾಸಿನ ಶೆಡ್ಡಿನಲ್ಲಿ, ಕಾದ ಛಾವಣಿಯ ಕೆಳಗಿನ ಬಿಸಿ ಕೋಣೆಯಲ್ಲಿ ಇಟ್ಟರೆ ಯಾವುದೂ ಬಾಳುವುದಿಲ್ಲ. ಮಣ್ಣಿನ ಗೋಡೆಯ ತಂಪು ಕೋಣೆ ಇದ್ದವರು ಅದನ್ನೇ ಕೊಡಲಿ.

ಎಲೆಕ್ಟ್ರಿಕ್ ವಾಹನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ, ಅಲ್ಲಿ ಉಳಿತಾಯ ನಿಜಕ್ಕೂ ದೊಡ್ಡದು. ಪೆಟ್ರೋಲ್ ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಕಿಲೋಮೀಟರಿಗೆ ಏಳು ರೂಪಾಯಿ ಹತ್ತಿರ. ಎಲೆಕ್ಟ್ರಿಕ್ ಕಾರು ಗೋಡೆಯ ಪ್ಲಗ್ಗಿನಿಂದ ತೆಗೆದ ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಓಡಿದರೆ ಒಂದು ರೂಪಾಯಿಗಿಂತ ಕಡಿಮೆ. ಆದರೆ ಕರ್ನಾಟಕದಲ್ಲಿ ಇದಕ್ಕೆ ಒಂದು ತಿರುವು ಇದೆ, ಅದು ಇಂಗ್ಲೆಂಡಿನ ವಿಡಿಯೊದಲ್ಲಿ ಸಿಗುವುದಿಲ್ಲ. ಅದರ ಹೆಸರು ಗೃಹಜ್ಯೋತಿ.

2023ರ ಜುಲೈನ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಹೆಚ್ಚಿನ ಮನೆಗಳಿಗೆ ಉಚಿತ ಕರೆಂಟಿನ ಒಂದು ಮಿತಿ ಗೊತ್ತು ಮಾಡಿದ್ದಾರೆ. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ 80 ಯೂನಿಟ್ ಬಳಸುತ್ತಿದ್ದ ಮನೆಯನ್ನು ತೆಗೆದುಕೊಳ್ಳಿ, ಮಿತಿ 88. ಆ ಮನೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಂದು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೂ ಮೂವತ್ತು, ಮೂವತ್ತೈದು ಯೂನಿಟ್ ಏರುತ್ತದೆ. ಕೈಯಿಂದ ಹೋಗುವುದು ನೂರೈವತ್ತು ರೂಪಾಯಿಯ ಸುತ್ತಮುತ್ತ. ಚಿಂತೆಯಿಲ್ಲ. ಕಾರು ತಂದು 750 ಕಿಲೋಮೀಟರ್ ಓಡಿಸಿದರೆ 115 ಯೂನಿಟ್ ಸೇರಿ ಬಳಕೆ 195 ಆಗುತ್ತದೆ. ಹೆಚ್ಚುವರಿ 107 ಯೂನಿಟ್ಟಿಗೆ ತೆರಿಗೆ ಬಿಟ್ಟು ಸುಮಾರು 660 ರೂಪಾಯಿ. ಅದೇ ತಿಂಗಳು ಇನ್ನೊಂದು ಅರವತ್ತೈದು ಕಿಲೋಮೀಟರ್, ಚಡಚಣದಿಂದ ವಿಜಯಪುರಕ್ಕೆ ಒಂದು ಕಡೆಯ ದಾರಿಯಷ್ಟು ಹೆಚ್ಚು ಓಡಿಸಿದಿರಿ ಅನ್ನಿ. ಹತ್ತು ಯೂನಿಟ್ ಏರಿ 205. ಈಗ 205 ಯೂನಿಟ್ಟಿಗೂ ದರ, ಮೂರು ಕಿಲೋವಾಟ್ ಮಂಜೂರಾತಿ ಇದ್ದರೆ 2025–26ರ ದರದಂತೆ ಕಿಲೋವಾಟಿಗೆ 145 ಹಿಡಿದು 435 ರೂಪಾಯಿ ನಿಗದಿತ ಶುಲ್ಕ, ಎಲ್ಲ ಕೂಡಿ ತೆರಿಗೆಗೆ ಮುಂಚೆಯೇ 1,700. ಹತ್ತು ಯೂನಿಟ್ಟಿಗೆ ಸಾವಿರ ರೂಪಾಯಿ ಹೆಚ್ಚು.

ಆದರೂ ಆ 750 ಕಿಲೋಮೀಟರಿಗೆ ಪೆಟ್ರೋಲಾದರೆ ಐದು ಸಾವಿರ ದಾಟುತ್ತಿತ್ತು. ಗೃಹಜ್ಯೋತಿ ತಪ್ಪಿದರೂ ಕಾರಿನವರು ಗೆದ್ದೇ ಇದ್ದಾರೆ. ಹಾಗಾಗಿ ಗೃಹಜ್ಯೋತಿ ಹೋಗುತ್ತದೆ ಎಂಬ ಭಯಕ್ಕೆ ಎಲೆಕ್ಟ್ರಿಕ್ ವಾಹನ ಬಿಡುವುದು ಸರಿಯಲ್ಲ, ಆ 200ರ ಮೆಟ್ಟಿಲನ್ನು ತಿಳಿದು ನಡೆಯಬೇಕು, ಅಷ್ಟೇ. ತಿಂಗಳ ಕೊನೆಯಲ್ಲಿ ಮೀಟರ್ ನೋಡಿ, 190 ಮುಟ್ಟಿದ್ದರೆ ಒಂದೆರಡು ಸಲ ಹೊರಗಿನ ಚಾರ್ಜರಿನಲ್ಲಿ ತುಂಬಿಸಿದರೂ ಲಾಭವೇ. ಫಾಸ್ಟ್ ಚಾರ್ಜರ್ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡರೂ ಹತ್ತು ಯೂನಿಟ್ಟಿಗೆ ಇನ್ನೂರೇ ಆಯಿತು.

ಇನ್ನೊಂದು ದಾರಿ ವಾಹನಕ್ಕೇ ಬೇರೆ ಮೀಟರ್. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2018ರಲ್ಲೇ ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರ ಗೊತ್ತು ಮಾಡಿತು, ಆಗ 4.85 ರೂಪಾಯಿ, ಮುಂದಿನ ವರ್ಷಗಳಲ್ಲಿ ಅದು ನಾಲ್ಕೂವರೆ–ಐದರ ನಡುವೆಯೇ ಓಡಾಡಿದೆ. ಬೇರೆ ಮೀಟರ್ ಇದ್ದರೆ ಮನೆಯ 80 ಯೂನಿಟ್ ಗೃಹಜ್ಯೋತಿಯಲ್ಲೇ ಉಳಿಯುತ್ತದೆ, ಕಾರಿನ ಯೂನಿಟ್ ಕಡಿಮೆ ದರಕ್ಕೆ ಬೀಳುತ್ತದೆ. ಆದರೆ ಹೊಸ ಸಂಪರ್ಕವೆಂದರೆ ಠೇವಣಿ, ಅದರದೇ ನಿಗದಿತ ಶುಲ್ಕ, ಮೇಲೆ ಸ್ಮಾರ್ಟ್ ಮೀಟರಿನ ಬೆಲೆ. 2025ರಲ್ಲಿ ಆ ಮೀಟರಿನ ಬೆಲೆಯ ಬಗ್ಗೆ ರಾಜ್ಯವಿಡೀ ಜಗಳವಾಯಿತು. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವರಿಗೆ ಇದು ಬೇಡ. ಸಾವಿರ ದಾಟುವವರು ವಿಚಾರಿಸಲಿ.

ಕಾರು ಮಾರುವವರು ಜೊತೆಗೆ 7.2 ಕಿಲೋವಾಟಿನ ಚಾರ್ಜರ್ ಹಾಕಿಸಿಕೊಡುತ್ತೇವೆ ಎನ್ನುತ್ತಾರೆ. ಒಪ್ಪುವ ಮುನ್ನ ಮಂಜೂರಾದ ಲೋಡು ನೋಡಿಕೊಳ್ಳಬೇಕು. ಅದಕ್ಕೆಂದು ಏಳು ಕಿಲೋವಾಟ್ ಏರಿಸಿಕೊಂಡರೆ ಕಾರು ಓಡಲಿ ಬಿಡಲಿ, ತಿಂಗಳಿಗೆ ಸಾವಿರ ರೂಪಾಯಿ ನಿಗದಿತ ಶುಲ್ಕ ಬೆಳೆಯುತ್ತದೆ. ಹದಿನೈದು ಆಂಪಿಯರಿನ ಪ್ಲಗ್ಗು ಐದು ತಾಸಿಗೆ ಹದಿನೈದು ಯೂನಿಟ್ ತುಂಬುತ್ತದೆ, ಅಂದರೆ ನೂರು ಕಿಲೋಮೀಟರ್. ಇಂಡಿಗೋ ಸೊಲ್ಲಾಪುರಕ್ಕೋ ಹೋಗಿಬರಲು ಅದು ಸಾಕು. ಆ ಪ್ಲಗ್ಗಿಗೆ ಬೇರೆ ವೈರು, ಬೇರೆ ಎಂಸಿಬಿ, ಗಟ್ಟಿ ಅರ್ಥಿಂಗ್ ಇರಲೇಬೇಕು. ಎರೆ ನೆಲ ಬೇಸಿಗೆಯಲ್ಲಿ ಬಾಯಿ ಬಿಟ್ಟು ಒಣಗಿದಾಗ ಅರ್ಥಿಂಗ್ ಸೋಲುತ್ತದೆ. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕುವ ರೂಢಿ ಇಟ್ಟುಕೊಳ್ಳಬೇಕು.

ಛಾವಣಿಯ ಸೋಲಾರ್ ಇಲ್ಲಿ ಸೇರಿಕೊಳ್ಳುತ್ತದೆ. ಈ ಜಿಲ್ಲೆಯ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ. ಆದರೂ ಹಳ್ಳಿ–ಪಟ್ಟಣಗಳಲ್ಲಿ ಜನ ಹಾಕಿಸಿಕೊಳ್ಳಲು ಹಿಂಜರಿಯುತ್ತಾರೆ, ಹಿಂಜರಿಯುವುದರಲ್ಲಿ ಅರ್ಥವೂ ಇದೆ: ಬಿಲ್ಲೇ ಸೊನ್ನೆ ಬರುವಾಗ ಸೋಲಾರ್ ಉಳಿಸುವುದೇನನ್ನು? ಈ ಪ್ರಶ್ನೆಗೆ ಉತ್ತರ ಎಲೆಕ್ಟ್ರಿಕ್ ವಾಹನ. ಮನೆ 200 ದಾಟುವುದು ಖಚಿತವಾದ ಮೇಲೆ ಫಲಕಗಳು ದುಡಿಯಲು ಶುರು ಮಾಡುತ್ತವೆ. ಸಹಾಯಧನ ಕಳೆದು ಒಂದು ಲಕ್ಷದ ಮೇಲೆ ತುಸು ಕೈಯಿಂದ ಹಾಕಿದ್ದರೆ ಆರೇಳು ವರ್ಷಕ್ಕೆ ಅದು ವಾಪಸ್ಸು, ಫಲಕದ ಬಾಳಿಕೆ ಇಪ್ಪತ್ತೈದು ವರ್ಷ. ನೆಟ್ ಮೀಟರಿಂಗ್ ಇದ್ದರೆ ಬ್ಯಾಟರಿಯೂ ಬೇಡ. ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ಸುರಿದು ಬೇಕಾದಾಗ ತೆಗೆದಂತೆ, ಹಗಲಿನ ಹೆಚ್ಚಿನ ಯೂನಿಟ್ ಈ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಲೈನಿಗೆ ಹೋಗಿ ರಾತ್ರಿಯ ಯೂನಿಟ್ಟಿಗೆ ವಜಾ ಆಗುತ್ತದೆ. ಹೀಗಿದ್ದರೂ ಸಾಧ್ಯವಾದಷ್ಟು ವಾಹನವನ್ನು ಮಧ್ಯಾಹ್ನವೇ ಚಾರ್ಜಿಗೆ ಹಾಕುವ ರೂಢಿ ಒಳ್ಳೆಯದು. ದರಪಟ್ಟಿ ಇಂದಲ್ಲ ನಾಳೆ ಆ ಕಡೆಗೇ ತಿರುಗುತ್ತದೆ.

ಕಾರಿನ ಬಗ್ಗೆ ಇಷ್ಟು ಹೇಳಿದ್ದಾಯಿತು. ಈ ಸೀಮೆಯಲ್ಲಿ ಇವಿ ದರ ನಿಜವಾಗಿ ಬದುಕು ಬದಲಿಸುವುದು ಮೂರು ಗಾಲಿಯ ಟಂಟಂ ಓಡಿಸುವವರದು. ಝಳಕಿ ಕ್ರಾಸಿನಿಂದ ಚಡಚಣಕ್ಕೆ, ಇಂಡಿಯಿಂದ ಸುತ್ತಲಿನ ಹಳ್ಳಿಗಳಿಗೆ ಜನರನ್ನೂ ಸಂತೆಯ ಗಂಟನ್ನೂ ಲಿಂಬಿಹಣ್ಣಿನ ಚೀಲವನ್ನೂ ಹೊತ್ತು ದಿನಕ್ಕೆ ನೂರು ಕಿಲೋಮೀಟರ್ ಓಡುವ ಗಾಡಿ ಅದು. ಡೀಸೆಲ್ ಲೀಟರಿಗೆ 91 ರೂಪಾಯಿ, ಲೀಟರಿಗೆ 28 ಕಿಲೋಮೀಟರ್ ಎಂದರೆ ದಿನಕ್ಕೆ 325 ರೂಪಾಯಿ. ಎಲೆಕ್ಟ್ರಿಕ್ ಟಂಟಂ ಅದೇ ದೂರಕ್ಕೆ ಹತ್ತು ಯೂನಿಟ್ ತಿನ್ನುತ್ತದೆ, ಮನೆಯ ದರದಲ್ಲೇ 62 ರೂಪಾಯಿ. ತಿಂಗಳಿಗೆ ಇಪ್ಪತ್ತೈದು ದಿನ ಓಡಿದರೆ ಆರು ಸಾವಿರಕ್ಕೂ ಮೇಲೆ ಉಳಿಯುತ್ತದೆ. ಸಾಲದ ಕಂತಿನ ದೊಡ್ಡ ಪಾಲು ಅದರಲ್ಲೇ ತೀರುತ್ತದೆ.

ಆದರೆ ಮೆಟ್ಟಿಲು ಇಲ್ಲೇ ಎಡವಿಸುವುದು. ತಿಂಗಳಿಗೆ 250 ಯೂನಿಟ್ ಗಾಡಿಗೇ ಬೇಕು. ಎರಡು ಕೋಣೆಯ ಮನೆ, ಎರಡು ಫ್ಯಾನು, ನಾಲ್ಕು ದೀಪ ಇರುವ ಆ ಕುಟುಂಬ ಗೃಹಜ್ಯೋತಿಯ ಮೊದಲ ಹಕ್ಕುದಾರ. ಗಾಡಿ ಪ್ಲಗ್ಗಿಗೆ ಹಾಕಿದ ತಿಂಗಳೇ ಅದು ಹೊರಬೀಳುತ್ತದೆ. ಕಾರಿನವರು ಸಾವಿರ ರೂಪಾಯಿ ನಷ್ಟ ತಡೆದುಕೊಳ್ಳುತ್ತಾರೆ, ಇವರಿಂದ ಆಗುವುದಿಲ್ಲ. ಈ ಮನೆಗಳಿಗೆ ಬೇರೆ ಇವಿ ಮೀಟರನ್ನು ಕೇಳಿದ ಕೂಡಲೇ, ಮುಂಗಡದ ಭಾರವಿಲ್ಲದೆ ಕೊಡುವುದು ನ್ಯಾಯ. ಇನ್ನೂ ಸುಲಭದ್ದು ಬಸ್ ನಿಲ್ದಾಣದ ಹತ್ತಿರ, ಟಂಟಂಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಸೋಲಾರ್ ಚಪ್ಪರ ಹಾಕಿ ಪ್ಲಗ್ಗು ಕೊಡುವುದು. ಹನ್ನೆರಡರಿಂದ ಮೂರು ಗಂಟೆ, ಉರಿಬಿಸಿಲಿಗೆ ಸವಾರಿಯೇ ಇಲ್ಲದ ಹೊತ್ತು. ಗಾಡಿ ಹೇಗೂ ನಿಂತಿರುತ್ತದೆ. ಕರೆಂಟು ಅತಿ ಅಗ್ಗವಾಗಿರುವುದೂ ಆ ಹೊತ್ತಿಗೇ. ಪಟ್ಟಣ ಪಂಚಾಯಿತಿಗೆ ಇದು ಮೀರಿದ ಕೆಲಸವಲ್ಲ.

ಹಗಲಿನ ಕರೆಂಟನ್ನು ಕೂಡಿಡುವ ಕಲೆ ನಮ್ಮ ರೈತರಿಗೆ ಈಗಾಗಲೇ ಗೊತ್ತಿದೆ. ದ್ರಾಕ್ಷಿ, ದಾಳಿಂಬೆ ಹಾಕಿದವರ ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡ ಇರುತ್ತದೆ. ತ್ರೀಫೇಸ್ ಬಂದ ತಾಸುಗಳಲ್ಲಿ ಬೋರಿನ ನೀರು ಎತ್ತಿ ಹೊಂಡ ತುಂಬುವುದು, ಅಲ್ಲಿಂದ ಸಣ್ಣ ಮೋಟಾರಿನಲ್ಲಿ ಬೇಕಾದಾಗ ಡ್ರಿಪ್ಪಿಗೆ ಬಿಡುವುದು. ಹತ್ತು ಲಕ್ಷ ಲೀಟರ್ ನೀರನ್ನು 330 ಅಡಿ ಆಳದಿಂದ ಎತ್ತಲು ಪಂಪಿನ ಪೋಲು ಸೇರಿ 500 ಯೂನಿಟ್ಟಿಗೂ ಹೆಚ್ಚು ಬೇಕು; ನಮ್ಮ ಬೋರುಗಳು ಅದಕ್ಕಿಂತ ಆಳ. ಅಷ್ಟು ಕರೆಂಟನ್ನು ಲಿಥಿಯಂನಲ್ಲಿ ಇಡಬೇಕೆಂದರೆ ಐದು ಯೂನಿಟ್ಟಿನ ನೂರು ಪೆಟ್ಟಿಗೆಗಳೂ ಸಾಲವು, ಕೋಟಿ ರೂಪಾಯಿಯ ಮಾತು. ಹೊಂಡ ಅದನ್ನು ನೀರಿನ ರೂಪದಲ್ಲಿ ಇಟ್ಟುಕೊಂಡಿದೆ. ಹತ್ತು ಎಚ್‌ಪಿವರೆಗೆ ರೈತನಿಗೆ ಬಿಲ್ಲಿಲ್ಲ, ಉಳಿತಾಯ ಸರ್ಕಾರದ ಖಜಾನೆಗೆ. ಆದರೆ ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಹಿಡಿದು ಮೋಟಾರ್ ಚಾಲೂ ಮಾಡಲು ಹೋಗುವುದು ತಪ್ಪಿದರೆ ಆ ನಿದ್ದೆ ರೈತನದೇ. ಪಂಪ್‌ಸೆಟ್ ಲೈನುಗಳನ್ನೇ ಸೋಲಾರಿಗೆ ಜೋಡಿಸುವ ಕುಸುಮ್–ಸಿ ಯೋಜನೆಯ ಕೆಲಸ ಈ ಕಾರಣಕ್ಕೆ ಈ ಜಿಲ್ಲೆಗೆ ಬೇಗ ಬರಬೇಕು.

ಮನೆಯಲ್ಲೂ ಇಂಥದೇ ಒಂದಿದೆ. ನೂರು ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು ಗೀಸರ್ ನಾಲ್ಕು ಯೂನಿಟ್ ಎಳೆಯುತ್ತದೆ. ಚಳಿಗಾಲದ ತಿಂಗಳಿಗೆ ನೂರಿಪ್ಪತ್ತು ಯೂನಿಟ್, ಸುಮಾರು ಒಂದು ಕಾರಿನ ತಿಂಗಳ ಓಟ. ಛಾವಣಿಯ ಸೋಲಾರ್ ನೀರಿನ ಹಂಡೆ ಅದನ್ನು ಬಹುಮಟ್ಟಿಗೆ ಉಳಿಸುತ್ತದೆ. ಎಲೆಕ್ಟ್ರಿಕ್ ಕಾರು ತರಬೇಕೆಂದಿರುವವರು ಮೊದಲು ಗೀಸರ್ ತೆಗೆದರೆ 200ರ ಒಳಗೇ ಉಳಿಯುವುದು ಸುಲಭ.

ಕಾರು ಮನೆಗೆ ಬಂದ ಮೇಲೆ ಕತ್ತಲೆಯ ಚಿಂತೆಯೂ ಅರ್ಧ ತೀರುತ್ತದೆ. 2023ರ ಹೊಸ ನೆಕ್ಸಾನ್ ಇವಿಯಂಥ ಕಾರುಗಳು ತಮ್ಮ ಬ್ಯಾಟರಿಯಿಂದ 3.3 ಕಿಲೋವಾಟ್‌ವರೆಗೆ ಹೊರಗಿನ ಉಪಕರಣಗಳಿಗೆ ಕರೆಂಟು ಕೊಡಬಲ್ಲವು. ನೆಕ್ಸಾನಿನ ಸಣ್ಣ ಬ್ಯಾಟರಿಯ ಮಾದರಿಯಲ್ಲೂ ಮೂವತ್ತು ಯೂನಿಟ್ ಇರುತ್ತದೆ, ಮೂವತ್ತು ಟ್ಯೂಬ್ಯುಲರ್ ಬ್ಯಾಟರಿಗೆ ಸಮ. ಮಳೆಗಾಳಿಗೆ ಕಂಬ ಬಿದ್ದು ಎರಡು ದಿನ ಲೈನ್ ಇಲ್ಲದಿದ್ದರೂ ಫ್ಯಾನು, ದೀಪ, ಫ್ರಿಜ್ ನಡೆಯುತ್ತವೆ. ಆದರೆ ಎಕ್ಸ್‌ಟೆನ್ಶನ್ ವೈರಿನಿಂದ ನೇರ ಉಪಕರಣಕ್ಕೆ ಕೊಡಬೇಕು. ಮನೆಯ ಸಾಕೆಟ್ಟಿಗೆ ತಿರುಗಿ ಚುಚ್ಚಿದರೆ ಆ ಕರೆಂಟು ಲೈನಿಗೆ ಹೋಗಿ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಪ್ರಾಣ ತೆಗೆಯುತ್ತದೆ. ಇದನ್ನು ಮನೆಯ ಮಕ್ಕಳಿಗೂ ಹೇಳಿಡಬೇಕು.

ಉಳಿದದ್ದು ಕೇಳಿ ಪಡೆಯಬೇಕಾದದ್ದು. ದರ ಪರಿಷ್ಕರಣೆಗೆ ಮೊದಲು ಆಯೋಗ ಪ್ರತಿ ವಿದ್ಯುತ್ ಕಂಪನಿಯ ಅರ್ಜಿಯ ಮೇಲೆ ಸಾರ್ವಜನಿಕ ಅಹವಾಲು ನಡೆಸುತ್ತದೆ, ಹೆಸ್ಕಾಂನದು ಹುಬ್ಬಳ್ಳಿಯಲ್ಲಿ. ಬರಹದಲ್ಲಿ ಆಕ್ಷೇಪ ಸಲ್ಲಿಸುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಕೈಗಾರಿಕೆಯವರು ವಕೀಲರೊಡನೆ ಬರುತ್ತಾರೆ, ರೈತ ಸಂಘದವರು ಬರುತ್ತಾರೆ. ಮನೆಯ ಮೀಟರಿನವರ ಕುರ್ಚಿ ಬಹುತೇಕ ಖಾಲಿ. ಮುಂದಿನ ಅಹವಾಲಿಗೆ ಚಡಚಣ, ಇಂಡಿಯ ಟಂಟಂ ಸಂಘದವರು, ಒಂದಿಬ್ಬರು ಶಿಕ್ಷಕರು, ದ್ರಾಕ್ಷಿ ಬೆಳೆಗಾರರು ಸೇರಿ ಮೂರು ಬೇಡಿಕೆ ಬರೆದುಕೊಂಡು ಹೋಗಬಹುದು: ಸ್ಮಾರ್ಟ್ ಮೀಟರ್ ಹಾಕಿದ ಮನೆಗೆ ಭೀಮೆಯ ಆಚೆ ದಂಡೆಯಂತೆ ಹಗಲಿನ ರಿಯಾಯಿತಿ, ಗೃಹಜ್ಯೋತಿ ಮನೆಯ ದುಡಿಮೆಯ ಗಾಡಿಗೆ ಮುಂಗಡವಿಲ್ಲದ ಇವಿ ಮೀಟರ್, ತಾಲೂಕು ಕೇಂದ್ರಗಳ ನಿಲ್ದಾಣಗಳಲ್ಲಿ ಹಗಲು ದರದ ಚಾರ್ಜಿಂಗ್. ಅರ್ಜಿಯ ಜೊತೆ ಎರಡು ಕರೆಂಟ್ ಬಿಲ್ಲು ಲಗತ್ತಿಸಲಿ, ಒಂದು ಧೂಳಖೇಡದ ಮನೆಯದು, ಇನ್ನೊಂದು ಸೇತುವೆಯಾಚೆಯ ಟಾಕಳಿಯದು.